ರವಿವಾರದ ನಾಷ್ಟಾ ರೈಡ್: ಹುಬ್ಬಳ್ಳಿ-ಧಾರವಾಡದಿಂದ ಗೆಳೆಯರ ಜೊತೆ ಹೊರಡುವವರಿಗೆ

ಚಳಿ ಶುರುವಾಯಿತೆಂದರೆ ಒಂದೇ ತರದ ಪ್ರಶ್ನೆಗಳು ಬರುತ್ತವೆ. ಬೈಕ್ ಮೇಲೆ ನಾಷ್ಟಾಕ್ಕೆ ಎಲ್ಲಿಗೆ ಹೋಗಬಹುದು? ಎಷ್ಟು ಹೊತ್ತಿಗೆ ಬಿಡಬೇಕು? ಎಷ್ಟು ಜನ ಇದ್ದರೆ ಚೆನ್ನ? ನನ್ನದು 110 ಸಿಸಿ ಗಾಡಿ, ಗೆಳೆಯರದೆಲ್ಲ ದೊಡ್ಡ ಗಾಡಿ, ನಾನೂ ಬರಬಹುದಾ? ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಖಂಡಿತ ಬರಬಹುದು. ಗುಂಪಿನಲ್ಲಿ ಯಾರ ಗಾಡಿ ಸಣ್ಣದೋ, ಯಾರಿಗೆ ಹೆದ್ದಾರಿ ಹೊಸದೋ, ಅವರನ್ನು ನೋಡಿಕೊಂಡೇ ಊರು, ಹೊತ್ತು, ವೇಗ ಮೂರನ್ನೂ ಗೊತ್ತು ಮಾಡಬೇಕು. ನಾಷ್ಟಾ ರೈಡ್‌ಗೆ ನಾನು ಹೇಳುವ ಮುಖ್ಯ ಮಾತು ಇದೊಂದೇ. ಕೆಳಗಿನ ಹಂತಗಳೆಲ್ಲ ಇದರಿಂದಲೇ ಹುಟ್ಟಿದವು.

1. ಊರು ಆರಿಸಿ

ಹೋಗಿ ಬರುವುದು ಸೇರಿ ಮಧ್ಯಾಹ್ನದ ಊಟಕ್ಕೆ ಮನೆ ಸೇರುವಂತಿರಬೇಕು. ಹಾಗಾಗಿ ಒಂದು ಕಡೆಗೆ 30ರಿಂದ 75 ಕಿ.ಮೀ ಸಾಕು. ನಮ್ಮ ಸುತ್ತ ಮೂರು ದಿಕ್ಕಿಗೆ ಒಳ್ಳೆಯ ದಾರಿಗಳಿವೆ.

ಮೊದಲ ಸಲ ಹೊರಡುವವರು ಕಲಘಟಗಿ ಕಡೆ ಹೋಗಿ. ಹುಬ್ಬಳ್ಳಿಯಿಂದ ಸುಮಾರು 30 ಕಿ.ಮೀ. ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಊರು. ದೂರ ಕಡಿಮೆ ಇರುವುದರಿಂದ ಯಾರಿಗಾದರೂ ಸುಸ್ತಾದರೆ ವಾಪಸ್ ಬರುವುದು ಸುಲಭ. ಎಲೆಕ್ಟ್ರಿಕ್ ಸ್ಕೂಟರ್ ಇರುವ ಗೆಳೆಯರಿದ್ದರೂ ಇದೇ ಸರಿ. ದಾರಿಯಲ್ಲಿ ಚಾರ್ಜಿಂಗ್ ಚಿಂತೆ ಬೇಡ. ಆದರೆ ಇದು ಯಲ್ಲಾಪುರ, ಅಂಕೋಲಾ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 52. ಕರಾವಳಿಯಿಂದ ಬರುವ ಲಾರಿಗಳು ನಸುಕಿನಲ್ಲೂ ಇರುತ್ತವೆ.

ಎರಡನೆಯದು ಗದಗ ರಸ್ತೆ. ಗದಗಕ್ಕೆ ಸುಮಾರು 60 ಕಿ.ಮೀ. ನಡುವೆ ಅಣ್ಣಿಗೇರಿ. ಗದಗದಲ್ಲಿ ನಾಷ್ಟಾ ಮಾಡಿ ಇನ್ನೂ ಉತ್ಸಾಹ ಇದ್ದರೆ ಮುಂದೆ 12 ಕಿ.ಮೀ ಲಕ್ಕುಂಡಿ. ನನಗೆ ಇದೇ ಹೆಚ್ಚು ಇಷ್ಟ. ಎರಡೂ ಬದಿಗೆ ಬಯಲು, ಗಾಳಿಯಂತ್ರಗಳು, ಅಗಲವಾದ ಆಕಾಶ.

ಮೂರನೆಯದು ಬೆಂಗಳೂರು ಹೆದ್ದಾರಿ, ಅಂದರೆ ರಾಷ್ಟ್ರೀಯ ಹೆದ್ದಾರಿ 48. ಶಿಗ್ಗಾವಿ ದಾಟಿ ಬಂಕಾಪುರಕ್ಕೆ 50 ಕಿ.ಮೀ ಸುಮಾರು, ಹಾವೇರಿಗೆ 75ರ ಆಸುಪಾಸು. ಬಂಕಾಪುರದ ಕೋಟೆಯೊಳಗೆ ನವಿಲುಧಾಮವಿದೆ, ನಗರೇಶ್ವರ ಗುಡಿಯಿದೆ. ರಸ್ತೆ ಚೆನ್ನಾಗಿದೆ, ಅದೇ ಇದರ ತೊಂದರೆ ಕೂಡ. ಎಲ್ಲರ ವೇಗವೂ ಗೊತ್ತಿಲ್ಲದಂತೆ ಏರುತ್ತದೆ. ಸಣ್ಣ ಗಾಡಿಯವರು ದಣಿಯುವುದು, ಹಿಂದೆ ಬೀಳುವುದು ಇಲ್ಲೇ ಜಾಸ್ತಿ.

ಧಾರವಾಡದವರು ಒಂದು ಲೆಕ್ಕ ಮರೆಯಬಾರದು. ಗದಗ ಅಥವಾ ಹಾವೇರಿ ಕಡೆ ಹೊರಟರೆ ನಿಮಗೆ ಹುಬ್ಬಳ್ಳಿಯವರಿಗಿಂತ ಒಂದು ಕಡೆಗೆ 20 ಕಿ.ಮೀ ಹೆಚ್ಚು, ಒಟ್ಟು 40. ಮುಕ್ಕಾಲು ಗಂಟೆ ಮೊದಲೇ ಏಳಬೇಕು, ತಡವಾಗಿ ಮನೆ ಸೇರುತ್ತೀರಿ. ಊರು ಆರಿಸುವಾಗ ಹುಬ್ಬಳ್ಳಿಯ ಗೆಳೆಯರು ಇದನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ನೀವೇ ಬಾಯಿಬಿಟ್ಟು ಹೇಳಿ.

2. ಹೊತ್ತು ಗೊತ್ತು ಮಾಡಿ, ಸೂರ್ಯನನ್ನು ನೋಡಿಕೊಂಡು

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಇದನ್ನು ಯಾರೂ ಹೇಳಿಕೊಡುವುದಿಲ್ಲ.

ಗದಗ ಹುಬ್ಬಳ್ಳಿಯ ನೇರ ಪೂರ್ವಕ್ಕಿದೆ. ಬೆಳಿಗ್ಗೆ ಆ ಕಡೆ ಹೋಗುವುದೆಂದರೆ ಸೂರ್ಯನ ಎದುರಿಗೇ ಹೋಗುವುದು. ಬಯಲು ಸೀಮೆ, ಅಡ್ಡಕ್ಕೆ ಮರವಿಲ್ಲ, ಗುಡ್ಡವಿಲ್ಲ. ಸೂರ್ಯ ಹುಟ್ಟಿ ಕಾಲು ಗಂಟೆಯಾದ ಮೇಲೆ ಸುಮಾರು ಒಂದು ತಾಸು ಬಿಸಿಲು ಕಣ್ಣಿನ ಮಟ್ಟಕ್ಕೇ ಹೊಡೆಯುತ್ತದೆ. ಆ ಹೊತ್ತಿನಲ್ಲಿ ರಸ್ತೆಯ ಗುಂಡಿ ಕಾಣುವುದಿಲ್ಲ. ಎದುರಿನಿಂದ ರಾಂಗ್ ಸೈಡ್‌ನಲ್ಲಿ ಬರುವ ಗಾಡಿ ಕಪ್ಪು ಚುಕ್ಕೆಯಂತಷ್ಟೇ ಕಾಣುತ್ತದೆ. ಹೆಲ್ಮೆಟ್ ಗಾಜಿನ ಮೇಲೆ ಗೀರುಗಳಿದ್ದರಂತೂ ಗಾಜೆಲ್ಲ ಬೆಳ್ಳಗಾಗಿಬಿಡುತ್ತದೆ.

ಇದಕ್ಕೆ ಉಪಾಯವಿದೆ. ಬೆಳಕು ಹರಿಯುತ್ತಿದ್ದಂತೆ ಹುಬ್ಬಳ್ಳಿ ಬಿಡಿ. ಜನವರಿಯಲ್ಲಿ ಸೂರ್ಯ ಹುಟ್ಟುವುದು 7 ಗಂಟೆ ಸುಮಾರಿಗೆ, ಮೇ ಕೊನೆಗೆ 6ರ ಸುಮಾರಿಗೆ. ಅದಕ್ಕಿಂತ ಅರ್ಧ ಗಂಟೆ ಮೊದಲು ರಸ್ತೆಯಲ್ಲಿದ್ದರೆ ಬಿಸಿಲು ಕಣ್ಣಿಗೆ ಬರುವ ಹೊತ್ತಿಗೆ ಅಣ್ಣಿಗೇರಿ ಹತ್ತಿರ ಇರುತ್ತೀರಿ. ಹೆದ್ದಾರಿ ಬಿಟ್ಟು ಊರೊಳಗೆ ಹೋಗಿ. ಒಂದು ಚಾ ಕುಡಿಯಿರಿ. ಅಮೃತೇಶ್ವರ ಗುಡಿ ನೋಡಿ. ಕಲ್ಯಾಣ ಚಾಲುಕ್ಯರ ಕಾಲದ, ಕರಿಕಲ್ಲಿನ, 76 ಕಂಬಗಳ ಗುಡಿ ಅದು. ಆದಿಕವಿ ಪಂಪ ಹುಟ್ಟಿದ ಊರೂ ಇದೇ ಎನ್ನುತ್ತಾರೆ. ಮುಕ್ಕಾಲು ಗಂಟೆ ಕಳೆದು ಹೊರಬಂದರೆ ಸೂರ್ಯ ಹೆಲ್ಮೆಟ್ಟಿನ ಮೇಲಂಚಿಗೆ ಏರಿರುತ್ತಾನೆ, ರಸ್ತೆ ಮತ್ತೆ ಸ್ಪಷ್ಟವಾಗಿ ಕಾಣುತ್ತದೆ. ವಾಪಸ್ ಬರುವಾಗ ಬಿಸಿಲು ಬೆನ್ನಿಗೆ, ಏನೂ ತೊಂದರೆಯಿಲ್ಲ.

ಶಿಗ್ಗಾವಿ, ಬಂಕಾಪುರ ಕಡೆ ಹೋದರೆ ಸೂರ್ಯ ಹೆಚ್ಚಾಗಿ ಎಡಕ್ಕಿರುತ್ತಾನೆ. ಕಲಘಟಗಿಗೆ ಹೋಗುವಾಗ ಬೆನ್ನ ಕಡೆಗೆ. ಆದರೆ ಆಗ ಎದುರಿನಿಂದ ಬರುವವರ ಕಣ್ಣಿಗೆ ಬಿಸಿಲಿರುತ್ತದೆ, ಅವರಿಗೆ ನೀವು ಸರಿಯಾಗಿ ಕಾಣುವುದಿಲ್ಲ ಎಂಬುದು ನೆನಪಿರಲಿ.

ಕತ್ತಲಲ್ಲಿ ಬಿಡಬೇಡಿ. 4 ಗಂಟೆಗೆ, 5 ಗಂಟೆಗೆ ಹೊರಡುವುದರಲ್ಲಿ ಶೂರತನ ಏನೂ ಇಲ್ಲ. ರಾತ್ರಿಯಿಡೀ ಗಾಡಿ ಓಡಿಸಿದ ಚಾಲಕರಿಗೆ ಕಣ್ಣು ಎಳೆಯುವ ಹೊತ್ತು ಅದು. ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳೂ ರಸ್ತೆಯಲ್ಲಿರುತ್ತವೆ. 2021ರ ಜನವರಿಯಲ್ಲಿ ಧಾರವಾಡ ಹತ್ತಿರದ ಇಟ್ಟಿಗಟ್ಟಿ ಬಳಿ ಬೆಳಿಗ್ಗೆ ನಡೆದ ಅಪಘಾತವನ್ನು ನಮ್ಮ ಭಾಗದವರು ಯಾರೂ ಮರೆತಿಲ್ಲ. ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಗುಂಪು ಅದು.

3. ಗುಂಪು ಕಟ್ಟಿ

ಆರರಿಂದ ಎಂಟು ಗಾಡಿ ಸಾಕು. ಅದಕ್ಕಿಂತ ಜಾಸ್ತಿಯಾದರೆ ಸಿಗ್ನಲ್‌ನಲ್ಲೇ ಗುಂಪು ಒಡೆಯುತ್ತದೆ, ಸಣ್ಣ ಹೋಟೆಲಿನಲ್ಲಿ ಕೂರಲು ಜಾಗ ಸಿಗುವುದಿಲ್ಲ. ಹನ್ನೆರಡು ಗಾಡಿ ಇದ್ದರೆ ಎರಡು ಗುಂಪು ಮಾಡಿ, ಹತ್ತು ನಿಮಿಷ ಬಿಟ್ಟು ಹೊರಡಿ.

ಇಬ್ಬರಿಗೆ ಮಾತ್ರ ಕೆಲಸ ಹಂಚಬೇಕು. ಮುಂದೆ ಹೋಗುವವರನ್ನು ಲೀಡ್ ಎನ್ನುತ್ತಾರೆ. ದಾರಿ ಗೊತ್ತಿರಬೇಕು, ಸಮಾಧಾನ ಇರಬೇಕು. ಎಲ್ಲರಿಗಿಂತ ಹಿಂದೆ ಬರುವವರು ಸ್ವೀಪ್. ಯಾರೇ ನಿಂತರೂ ಅವರ ಜೊತೆ ನಿಲ್ಲುವುದು ಇವರ ಕೆಲಸ. ಪಂಕ್ಚರ್ ಸಾಮಾನು, ಪ್ರಥಮ ಚಿಕಿತ್ಸೆಯ ಡಬ್ಬಿ ಇವರ ಹತ್ತಿರವೇ ಇರಲಿ. ಗುಂಪಿನಲ್ಲಿ ಚೆನ್ನಾಗಿ ಓಡಿಸುವವರು ಸ್ವೀಪ್ ಆಗಬೇಕು. ಸಾಮಾನ್ಯವಾಗಿ ಅವರೇ ಮುಂದೆ ಹೋಗಲು ಹಟ ಮಾಡುತ್ತಾರೆ. ಒಪ್ಪಬೇಡಿ.

ಹೊಸಬರು, ಸಣ್ಣ ಗಾಡಿಯವರು ಲೀಡ್‌ನ ಹಿಂದೆಯೇ, ಎರಡನೇ ಜಾಗದಲ್ಲಿ ಇರಬೇಕು. ಅವರು ಕೊನೆಯಲ್ಲಿದ್ದರೆ ಮುಂದಿನವರನ್ನು ಹಿಡಿಯಲು ಶಕ್ತಿ ಮೀರಿ ಓಡಿಸುತ್ತಾರೆ. ಎರಡನೆಯವರಾಗಿದ್ದರೆ ಲೀಡ್‌ಗೆ ಕನ್ನಡಿಯಲ್ಲಿ ಸದಾ ಕಾಣುತ್ತಾರೆ, ಗುಂಪಿನ ವೇಗ ತಾನಾಗಿಯೇ ಅವರಿಗೆ ಹೊಂದುತ್ತದೆ.

ಶನಿವಾರ ಸಂಜೆ ವಾಟ್ಸ್ಯಾಪ್‌ನಲ್ಲಿ ಒಂದೇ ಸಂದೇಶ ಹಾಕಿ. ಹೀಗಿದ್ದರೆ ಸಾಕು:

"ನಾಳೆ ಗದಗ. ಗದಗ ರಸ್ತೆಯಲ್ಲಿ ನಾವು ಯಾವಾಗಲೂ ಸೇರುವ ಬಂಕ್. 6:15ಕ್ಕೆ ಸೇರುವುದು, 6:30ಕ್ಕೆ ಬಿಡುವುದು. ಪೆಟ್ರೋಲ್ ಇವತ್ತೇ ಹಾಕಿಸಿ. ಹಿಂದೆ ಕೂರುವವರಿಗೂ ಹೆಲ್ಮೆಟ್. ಮೊದಲ ನಿಲುಗಡೆ ಅಣ್ಣಿಗೇರಿ. 12 ಗಂಟೆಗೆ ವಾಪಸ್. ಬರಲಾಗದವರು ರಾತ್ರಿ 9ರೊಳಗೆ ತಿಳಿಸಿ."

ಸೇರುವ ಹೊತ್ತು, ಬಿಡುವ ಹೊತ್ತು ಬೇರೆ ಬೇರೆ ಬರೆಯುವುದು ಮುಖ್ಯ. "ಇನ್ನ ಐದ್ ನಿಮಿಷ, ಬಂದ್ನಿ ನೋಡಲೇ" ಎನ್ನುವ ಗೆಳೆಯ ಪ್ರತಿ ಗುಂಪಿನಲ್ಲೂ ಒಬ್ಬ ಇರುತ್ತಾನೆ. ಅವನಿಗಾಗಿ ಕಾದರೆ ಮೇಲೆ ಹೇಳಿದ ಸೂರ್ಯನ ಲೆಕ್ಕ ಪೂರ್ತಿ ತಪ್ಪುತ್ತದೆ. ತಡವಾದವರು ಅವಸರದಲ್ಲಿ ಬೆನ್ನಟ್ಟಿ ಬರುವುದೂ ಬೇಡ. ಮೊದಲ ನಿಲುಗಡೆಯಲ್ಲಿ ಸಿಗಲಿ ಅಥವಾ ಮುಂದಿನ ವಾರ ಬರಲಿ.

4. ಶನಿವಾರ ಸಂಜೆ ಗಾಡಿ ನೋಡಿ

ಹತ್ತು ನಿಮಿಷದ ಕೆಲಸ. ರವಿವಾರ ಬೆಳಿಗ್ಗೆ ಮಾಡುತ್ತೇನೆ ಎಂದುಕೊಳ್ಳಬೇಡಿ. ಆಗ ಏನಾದರೂ ಕೆಟ್ಟಿದ್ದು ಕಂಡರೂ ಗ್ಯಾರೇಜ್ ತೆರೆದಿರುವುದಿಲ್ಲ.

ಟೈರ್: ಟೈರ್ ತಣ್ಣಗಿದ್ದಾಗ ಗಾಳಿ ನೋಡಿಸಿ. ದೂರ ಓಡಿಸಿ ಬಿಸಿಯಾದ ಮೇಲೆ ನೋಡಿದರೆ ಅಂಕಿ ಹೆಚ್ಚು ತೋರಿಸುತ್ತದೆ. ಎಷ್ಟು ಹಾಕಬೇಕೆಂಬುದು ಚೈನ್ ಕವರ್ ಅಥವಾ ಹಿಂದಿನ ಚಕ್ರದ ಹತ್ತಿರದ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಹಿಂದೆ ಒಬ್ಬರು ಕೂರುವುದಾದರೆ ಹಿಂದಿನ ಟೈರಿನ ಲೆಕ್ಕ ಬೇರೆ, ಅದೂ ಅಲ್ಲೇ ಬರೆದಿರುತ್ತದೆ. ಟೈರಿನ ಗೆರೆಗಳ ನಡುವೆ ಸಣ್ಣ ರಬ್ಬರ್ ಉಬ್ಬುಗಳಿವೆ. ಟೈರ್ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದಿದ್ದರೆ ಅದನ್ನು ಹೆದ್ದಾರಿಗೆ ತರಬೇಡಿ.

ಚೈನ್: ತೀರಾ ಬಿಗಿಯೂ ಇರಬಾರದು, ಜೋಲೂ ಬೀಳಬಾರದು. ದಿನ ಓಡಿಸುವ ಹೆಚ್ಚಿನ ಗಾಡಿಗಳಲ್ಲಿ ಚೈನಿನ ನಡುಭಾಗವನ್ನು ಬೆರಳಲ್ಲಿ ಎತ್ತಿದರೆ 20ರಿಂದ 30 ಮಿ.ಮೀ ಆಡುತ್ತದೆ. ನಿಮ್ಮ ಗಾಡಿಯ ಸರಿಯಾದ ಅಳತೆ ಕೈಪಿಡಿಯಲ್ಲಿದೆ.

ಬ್ರೇಕ್, ಕ್ಲಚ್ ವೈರ್, ಹೆಡ್‌ಲೈಟ್, ಇಂಡಿಕೇಟರ್, ಬ್ರೇಕ್ ಲೈಟ್ ನೋಡಿ. ಎಂಜಿನ್ ಆಯಿಲ್ ನೋಡುವಾಗ ಗಾಡಿಯನ್ನು ಸಮ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ. ಸೈಡ್ ಸ್ಟ್ಯಾಂಡ್ ಮೇಲೆ ನೋಡಿದರೆ ತಪ್ಪು ತೋರಿಸುತ್ತದೆ. ಗುಂಪಿನಲ್ಲಿ ಬ್ರೇಕ್ ಲೈಟ್ ಎಲ್ಲಕ್ಕಿಂತ ಮುಖ್ಯ. ನಿಮ್ಮ ಹಿಂದೆ ಬರುವ ಗೆಳೆಯ ನಂಬುವುದು ಅದೊಂದನ್ನೇ.

ಟ್ಯೂಬ್‌ಲೆಸ್ ಟೈರ್ ಇದ್ದರೆ ಒಂದು ಪಂಕ್ಚರ್ ಕಿಟ್ ಮತ್ತು ಸಣ್ಣ ಪಂಪ್ ಇಡೀ ಗುಂಪಿಗೆ ಸಾಕು. ಟ್ಯೂಬ್ ಇರುವ ಗಾಡಿಗೆ ಆ ಕಿಟ್ ಉಪಯೋಗವಿಲ್ಲ. ಅಂಥ ಗಾಡಿ ಇದ್ದರೆ ಅದರ ಅಳತೆಯ ಒಂದು ಹೊಸ ಟ್ಯೂಬ್ ತೆಗೆದುಕೊಳ್ಳಿ. ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಹಾಕುವವರು ಸಿಗುತ್ತಾರೆ, ನಿಮ್ಮ ಅಳತೆಯ ಟ್ಯೂಬ್ ಸಿಗುವುದು ಕಷ್ಟ.

5. ಮೈಮೇಲೆ ಏನು, ಜೇಬಿನಲ್ಲಿ ಏನು

ಐಎಸ್‌ಐ ಗುರುತಿನ ಹೆಲ್ಮೆಟ್ ಇಬ್ಬರಿಗೂ. ಕರ್ನಾಟಕದಲ್ಲಿ ಹಿಂದೆ ಕೂರುವವರಿಗೂ 2016ರಿಂದ ಕಡ್ಡಾಯ. ಪಟ್ಟಿ ಬಿಗಿಯಾಗಿ ಹಾಕಬೇಕು. ಕಪ್ಪು ಗಾಜಿನ ಹೆಲ್ಮೆಟ್ ನಸುಕಿನಲ್ಲಿ ಅಪಾಯ, ಬಣ್ಣವಿಲ್ಲದ ಗಾಜೇ ಇರಲಿ. ರೈಡಿಂಗ್ ಜಾಕೆಟ್ ಇದ್ದರೆ ಸರಿ. ಇಲ್ಲದಿದ್ದರೆ ದಪ್ಪ ಜೀನ್ಸ್, ತುಂಬು ತೋಳಿನ ಜಾಕೆಟ್, ಕಾಲ್ಗಿಣ್ಣು ಮುಚ್ಚುವ ಬೂಟು, ಕೈಗವಸು. ಚಪ್ಪಲಿಯಲ್ಲಿ ಬಂದವರನ್ನು ನಯವಾಗಿಯೇ ಮನೆಗೆ ಕಳಿಸಿ, ಬೂಟು ಹಾಕಿಕೊಂಡು ಬರಲಿ. ಡಿಸೆಂಬರ್, ಜನವರಿಯಲ್ಲಿ ಬಯಲಿನ ಚಳಿ ಬೆರಳುಗಳನ್ನು ಮರಗಟ್ಟಿಸುತ್ತದೆ. ಆಗ ಬ್ರೇಕ್ ಹಿಡಿಯುವುದು ಒಂದು ಕ್ಷಣ ತಡವಾಗುತ್ತದೆ. ಕೈಗವಸು ಬೇಕೇ ಬೇಕು ಎನ್ನುವುದು ಅದಕ್ಕೇ.

ಲೈಸೆನ್ಸ್, ಆರ್‌ಸಿ, ವಿಮೆ, ಹೊಗೆ ತಪಾಸಣೆಯ ಪತ್ರ. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿದ್ದರೂ ನಡೆಯುತ್ತದೆ. ವಿಮೆಯ ಕೊನೆಯ ತಾರೀಖನ್ನು ಇವತ್ತೇ ನೋಡಿಕೊಳ್ಳಿ. ಸ್ವಲ್ಪ ಚಿಲ್ಲರೆ ಹಣ, ನೀರಿನ ಬಾಟಲಿ, ಮನೆಯವರ ನಂಬರ್ ಬರೆದ ಒಂದು ಚೀಟಿ. ಬಿದ್ದಾಗ ನಿಮ್ಮ ಫೋನ್ ಲಾಕ್ ತೆಗೆಯಲು ಬೇರೆಯವರಿಗೆ ಆಗುವುದಿಲ್ಲ, ಅಲ್ವಾ?

6. ಸೇರುವ ಜಾಗ

ಚನ್ನಮ್ಮ ಸರ್ಕಲ್‌ನಂಥ ಊರ ನಡುವಿನ ಜಾಗ ಬೇಡ. ಹೊರಡುವ ರಸ್ತೆಯಲ್ಲೇ, ಊರು ಮುಗಿಯುವ ಹತ್ತಿರದ ಪೆಟ್ರೋಲ್ ಬಂಕ್ ಒಳ್ಳೆಯದು. ಬಂಕಿನ ಒಂದು ಬದಿಗೆ, ಪೆಟ್ರೋಲ್ ಹಾಕಿಸುವವರಿಗೆ ಅಡ್ಡವಾಗದಂತೆ ನಿಲ್ಲಿ.

ಧಾರವಾಡದಿಂದ ಹುಬ್ಬಳ್ಳಿಗೆ ಬರುವವರಿಗೆ ಒಂದು ಎಚ್ಚರಿಕೆ. ಚಿಗರಿ ಬಸ್ಸಿನ ಬಿಆರ್‌ಟಿಎಸ್ ದಾರಿ ನಸುಕಿನಲ್ಲಿ ಖಾಲಿ ಕಾಣುತ್ತದೆ. ಅದರೊಳಗೆ ನುಗ್ಗುವ ಆಸೆಯಾಗುತ್ತದೆ. ಬೇಡ. ಅದು ಬಸ್ಸಿಗೆ ಮೀಸಲು, ಎರಡೂ ಬದಿ ಕಂಬಿ ಇರುವುದರಿಂದ ಎದುರಿಗೆ ಬಸ್ ಬಂದರೆ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ.

ಹೊರಡುವ ಮುಂಚೆ ಎರಡು ನಿಮಿಷ ಮಾತಾಡಿ. ಲೀಡ್ ಯಾರು, ಸ್ವೀಪ್ ಯಾರು, ಮೊದಲು ಎಲ್ಲಿ ನಿಲ್ಲುವುದು, ಅಷ್ಟೇ. ಮೂರು ಕೈಸನ್ನೆ ಸಾಕು: ಎಡಗೈ ಬದಿಗೆ ಚಾಚಿ ಅಂಗೈ ನೆಲದ ಕಡೆ ಮಾಡಿ ಕೆಳಗಿಳಿಸಿದರೆ ನಿಧಾನ, ಬೆರಳು ನೆಲಕ್ಕೆ ತೋರಿಸಿದರೆ ಅಲ್ಲಿ ಗುಂಡಿ ಅಥವಾ ಮಣ್ಣು, ಎಡಗೈ ಕೆಳಗೆ ಚಾಚಿ ಅಂಗೈ ಹಿಂದಕ್ಕೆ ತೋರಿಸಿದರೆ ನಿಲ್ಲಬೇಕು.

7. ರಸ್ತೆಯಲ್ಲಿ

ಅಗಲವಾದ ರಸ್ತೆಯಲ್ಲಿ ಒಬ್ಬರು ಲೇನಿನ ಬಲಭಾಗ, ಅವರ ಹಿಂದಿನವರು ಎಡಭಾಗ, ಮತ್ತೆ ಬಲಭಾಗ ಹೀಗೆ ಓರೆಯಾಗಿ ಸಾಗಬೇಕು. ಇದನ್ನು ಸ್ಟ್ಯಾಗರ್ಡ್ ಸಾಲು ಎನ್ನುತ್ತಾರೆ. ಮುಂದಿನವರು ತಟ್ಟನೆ ಬ್ರೇಕ್ ಹಿಡಿದರೂ ನಿಮ್ಮ ಎದುರಿಗೆ ಖಾಲಿ ಜಾಗ ಇರುತ್ತದೆ. ತಿರುವು, ಸೇತುವೆ, ಊರು ಬಂದರೆ ಒಬ್ಬರ ಹಿಂದೊಬ್ಬರು. ಇಬ್ಬರು ಅಕ್ಕಪಕ್ಕ ಮಾತಾಡುತ್ತ ಹೋಗುವುದಂತೂ ಎಲ್ಲೂ ಬೇಡ.

ಅಂತರ ಎರಡು ಸೆಕೆಂಡು. ಮುಂದಿನ ಗಾಡಿ ಒಂದು ಕಂಬ ದಾಟಿದ ಮೇಲೆ ನೀವು ಅದೇ ಕಂಬ ದಾಟಲು ಎರಡು ಸೆಕೆಂಡು ಹಿಡಿಯಬೇಕು. ಗಂಟೆಗೆ 60 ಕಿ.ಮೀ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್, ಹಾಗಾಗಿ ಅಂತರ 33 ಮೀಟರ್ ಹತ್ತಿರ. ಅಷ್ಟು ದೂರ ಬಿಟ್ಟರೆ ಗುಂಪು ಒಡೆದಂತೆ ಅನಿಸುತ್ತದೆ. ಒಡೆಯಲಿ, ಪರವಾಗಿಲ್ಲ.

ಯಾರೂ ಕಳೆದುಹೋಗದಂತೆ ಒಂದೇ ನಿಯಮ: ನಿಮ್ಮ ಹಿಂದಿನವರ ಜವಾಬ್ದಾರಿ ನಿಮ್ಮದು. ಕನ್ನಡಿಯಲ್ಲಿ ಅವರು ಕಾಣದಿದ್ದರೆ ನಿಧಾನ ಮಾಡಿ. ಆಗ ನಿಮ್ಮ ಮುಂದಿನವರಿಗೆ ನೀವು ಕಾಣುವುದಿಲ್ಲ, ಅವರೂ ನಿಧಾನ ಮಾಡುತ್ತಾರೆ. ಹೀಗೆ ಸುದ್ದಿ ಲೀಡ್ ತನಕ ಮುಟ್ಟುತ್ತದೆ. ದಾರಿ ಬದಲಾಗುವ ಕ್ರಾಸ್‌ನಲ್ಲಿ ಹಿಂದಿನವರು ನಿಮ್ಮನ್ನು ನೋಡುವ ತನಕ ಬದಿಗೆ ನಿಂತು, ಆಮೇಲೆ ತಿರುಗಿ.

ಓವರ್‌ಟೇಕ್ ಒಬ್ಬೊಬ್ಬರೇ, ತಮ್ಮ ಕಣ್ಣಿನಿಂದ ನೋಡಿ. ಮುಂದಿನವನು ಹೋದ ಎಂದು ಹಿಂದೆಯೇ ನುಗ್ಗುವುದು ಗುಂಪು ಸವಾರಿಯ ಅತಿ ಕೆಟ್ಟ ಚಟ. ಅವನಿಗೆ ಸಿಕ್ಕ ಜಾಗ ನಿಮ್ಮ ಹೊತ್ತಿಗೆ ಮುಚ್ಚಿರುತ್ತದೆ.

ಇನ್ನು ನಮ್ಮ ಭಾಗದ ರಸ್ತೆಗಳಿಗೇ ಇರುವ ಅಪಾಯಗಳು.

ರಸ್ತೆ ಮೇಲಿನ ಒಕ್ಕಣೆ. ಗದಗ, ಹಾವೇರಿ ಕಡೆ ಒಳರಸ್ತೆಗಳಲ್ಲಿ ಸುಗ್ಗಿಯಲ್ಲಿ ಇದು ತಪ್ಪಿದ್ದಲ್ಲ. ಮಳೆಗಾಲ ಮುಗಿಯುವ ಮುಂಚೆ ಹೆಸರು, ದೀಪಾವಳಿ ಸುಮಾರಿಗೆ ಗೋವಿನಜೋಳ, ಆಮೇಲೆ ಕಡಲೆ, ಜೋಳ. ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಳು ಬಿಡಲಿ ಎಂದು ಬಳ್ಳಿ, ತೆನೆ ಹಾಸಿರುತ್ತಾರೆ. ಕಾರಿಗೆ ಅದು ಏನೂ ಅಲ್ಲ. ಬೈಕಿಗೆ ಗೋಲಿಗುಂಡಿನ ಮೇಲೆ ಕಾಲಿಟ್ಟಂತೆ. ನಸುಕಿನಲ್ಲಿ ಇಬ್ಬನಿ ಬಿದ್ದು ಹೊಟ್ಟು ಒದ್ದೆಯಾಗಿದ್ದರೆ ಇನ್ನೂ ಜಾರುತ್ತದೆ. ಅದಕ್ಕಿಂತ ದೊಡ್ಡ ಅಪಾಯ ರಾಶಿಯ ಸುತ್ತ ಇಟ್ಟ ಕಲ್ಲುಗಳು. ರಾಶಿ ಎತ್ತಿದ ಮೇಲೂ ಎರಡು ಕಲ್ಲು ಅಲ್ಲೇ ಉಳಿದಿರುತ್ತವೆ, ಹೊಟ್ಟಿನಲ್ಲಿ ಮುಚ್ಚಿಹೋಗಿರುತ್ತವೆ. ದೂರದಿಂದ ರಸ್ತೆಯ ಬಣ್ಣ ಬದಲಾಗಿದ್ದು ಕಂಡ ಕೂಡಲೇ ವೇಗ ಇಳಿಸಿ. ಅದರ ಮೇಲೆ ಹೋಗುವಾಗ ಹ್ಯಾಂಡಲ್ ನೇರ ಇರಲಿ, ಮುಂದಿನ ಬ್ರೇಕ್ ಮುಟ್ಟಬೇಡಿ, ಆ್ಯಕ್ಸಿಲರೇಟರ್ ಒಂದೇ ಸಮ ಇರಲಿ. ದಾಟಿದ ಮೇಲೆ ಒಮ್ಮೆ ನಿಂತು ಚೈನಿಗೆ ಬಳ್ಳಿ ಸುತ್ತಿಕೊಂಡಿದೆಯಾ ನೋಡಿ. ರೈತರ ಮೇಲೆ ರೇಗುವುದು ಬೇಡ. ಅವರಿಗೆ ಕಣ ಸಿಗದೆ ರಸ್ತೆಗೆ ಬಂದಿರುತ್ತಾರೆ.

ಎರಿ ಮಣ್ಣು. ಮಳೆಗಾಲದಲ್ಲಿ ಹೊಲದಿಂದ ಏರಿದ ಟ್ರ್ಯಾಕ್ಟರ್‌ಗಳು ಚಕ್ರಕ್ಕೆ ಹತ್ತಿದ ಕರಿಮಣ್ಣನ್ನು ಡಾಂಬರಿನ ಮೇಲೆ ಬಿಡುತ್ತಾ ಹೋಗುತ್ತವೆ. ಕರಿ ರಸ್ತೆಯ ಮೇಲೆ ಕರಿ ಮಣ್ಣು, ಕಾಣುವುದೇ ಇಲ್ಲ. ಹೊಲದ ದಾರಿ ರಸ್ತೆಗೆ ಸೇರುವ ಜಾಗಗಳನ್ನು ನೋಡುತ್ತಿರಿ, ಮಣ್ಣು ಅಲ್ಲೇ ಹೆಚ್ಚು. ಎಬಿಎಸ್ ಇದೆಯಲ್ಲ ಎಂಬ ಧೈರ್ಯ ಇಲ್ಲಿ ನಡೆಯದು. ಎಬಿಎಸ್ ಎಂದರೆ ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಹೆಚ್ಚಿನ ಹೊಸ ಗಾಡಿಗಳಿಗೆಲ್ಲ ಕಡ್ಡಾಯ. ಆದರೆ ಸಿಂಗಲ್ ಚಾನೆಲ್ ಎಂದಿದ್ದರೆ ಅದು ಮುಂದಿನ ಚಕ್ರಕ್ಕೆ ಮಾತ್ರ. ಅದೂ ಹಸಿ ಎರಿ ಮಣ್ಣಿನ ಮೇಲೆ ವಾಲಿದ ಗಾಡಿಯನ್ನು ಎತ್ತಿ ನಿಲ್ಲಿಸಲಾರದು.

ಹಂಪ್‌ಗಳು. ಪ್ರತಿ ಹಳ್ಳಿಯ ಶುರುವಿಗೆ, ಕೊನೆಗೆ, ಶಾಲೆ ಮುಂದೆ ಇರುತ್ತವೆ. ಬಿಳಿ ಬಣ್ಣ ಅಳಿಸಿರುತ್ತದೆ. ಬಸ್ ತಂಗುದಾಣ ಕಂಡರೆ ಹಂಪ್ ಇದೆ ಎಂದೇ ತಿಳಿಯಿರಿ.

ಗಾಳಿ. ಜೂನ್‌ನಿಂದ ಆಗಸ್ಟ್ ತನಕ ಪಡುವಣ ಗಾಳಿ ಜೋರು. ಗದಗದಿಂದ ವಾಪಸ್ ಬರುವಾಗ ಅದು ಎದುರಿಗೆ ಬೀಸುತ್ತದೆ, ಸಣ್ಣ ಗಾಡಿಗಳಿಗೆ ಪೆಟ್ರೋಲ್ ಜಾಸ್ತಿ ಬೇಕಾಗುತ್ತದೆ. ಬಂಕಾಪುರ ದಾರಿಯಲ್ಲಿ ಬದಿಯಿಂದ ತಳ್ಳುತ್ತದೆ. ಲಾರಿಯ ಮರೆಯಲ್ಲಿ ಹೋಗುವಾಗ ಗಾಳಿ ಇಲ್ಲದಂತೆ ಅನಿಸಿ, ಅದನ್ನು ದಾಟಿದ ಕ್ಷಣ ಒಮ್ಮೆಲೇ ಬಡಿಯುತ್ತದೆ. ಹ್ಯಾಂಡಲ್ ಬಿಗಿಯಾಗಿ ಹಿಡಿಯಬೇಡಿ, ಸಡಿಲ ಕೈಯಿಂದ ಹಿಡಿದು ಮೊಣಕಾಲಿನಿಂದ ಟ್ಯಾಂಕ್ ಒತ್ತಿಕೊಳ್ಳಿ.

ಕುರಿ ಹಿಂಡು ಸಿಕ್ಕರೆ ಹಾರ್ನ್ ಹೊಡೆಯದೆ ನಿಲ್ಲಿ, ಕುರುಬರು ದಾರಿ ಮಾಡಿಕೊಡುತ್ತಾರೆ. ನಾಯಿ ಬೆನ್ನಟ್ಟಿದರೆ ಒದೆಯಲು ಹೋಗಬೇಡಿ. ಗೇರ್ ಇಳಿಸಿ ನಿಧಾನ ಮಾಡಿ, ಹತ್ತಿರ ಬಂದಾಗ ನೇರವಾಗಿ ಮುಂದೆ ಸಾಗಿ. ಹೆದ್ದಾರಿಯ ಟೋಲ್‌ನಲ್ಲಿ ಬೈಕಿಗೆ ಶುಲ್ಕವಿಲ್ಲ, ಎಡ ತುದಿಯ ಸಣ್ಣ ದಾರಿಯಿಂದ ಹೋಗಿ.

8. ನಾಷ್ಟಾ

ಹೆದ್ದಾರಿ ಈಗ ಹಲವು ಊರುಗಳ ಹೊರಗಿಂದಲೇ ಹಾಯುತ್ತದೆ. ಒಳ್ಳೆಯ ನಾಷ್ಟಾ ಊರೊಳಗಿದೆ. ಬಸ್ ಸ್ಟ್ಯಾಂಡ್, ಮಾರ್ಕೆಟ್ ಸುತ್ತ ನೋಡಿ. ಯಾವ ಹೋಟೆಲ್ ಎಂದು ಕೇಳುವವರಿಗೆ ನನ್ನ ಉತ್ತರ: ಊರಿನವರು ನಿಂತುಕೊಂಡು ತಿನ್ನುತ್ತಿರುವುದು, ಕಡಾಯಿಯಿಂದ ಇಳಿದ ಮಿರ್ಚಿ ಬುಟ್ಟಿಯಲ್ಲಿ ಉಳಿಯದೆ ಖಾಲಿಯಾಗುತ್ತಿರುವುದು.

ಗದಗಕ್ಕೆ ಹೋಗಿ ದೋಸೆ ಹುಡುಕಬೇಡಿ. ಒಗ್ಗರಣಿ-ಮಿರ್ಚಿ ತಿನ್ನಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಚುರುಮುರಿಯನ್ನು ನೀರಲ್ಲಿ ಅದ್ದಿ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಷಿಣದ ಒಗ್ಗರಣೆಯಲ್ಲಿ ಕಲಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸುತ್ತಾರೆ. ಮೆತ್ತಗೆ, ಬೆಚ್ಚಗೆ ಇರುತ್ತದೆ. ಪಕ್ಕಕ್ಕೆ ಬಿಸಿ ಮಿರ್ಚಿ. ಮಿರ್ಚಿಯನ್ನು ಮುರಿದರೆ ಒಳಗಿಂದ ಹಬೆ ಬರಬೇಕು, ಹೊರಗೆ ಕಡಲೆಹಿಟ್ಟು ಗರಿಯಾಗಿರಬೇಕು. ಒಂದು ತುತ್ತು ಒಗ್ಗರಣಿ, ಒಂದು ಕಚ್ಚು ಮಿರ್ಚಿ. ಚಳಿಯಲ್ಲಿ ಒಂದೂವರೆ ತಾಸು ಗಾಡಿ ಓಡಿಸಿ ಬಂದವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಖಾರ ಆಗದವರಿಗೆ ಇಡ್ಲಿ, ಪುರಿ, ಶಿರಾ-ಉಪ್ಪಿಟ್ಟು ಎಲ್ಲ ಕಡೆ ಇದೆ.

ಎಂಟು-ಹತ್ತು ಜನ ಒಮ್ಮೆಲೇ ಬಂದರೆ ಸಣ್ಣ ಹೋಟೆಲಿನವರು ಗಾಬರಿಯಾಗುತ್ತಾರೆ. ಒಬ್ಬರೇ ಹೋಗಿ ಏನೇನು ರೆಡಿ ಇದೆ ಎಂದು ಕೇಳಿ, ಎಲ್ಲರಿಗೂ ಸೇರಿಸಿ ಒಮ್ಮೆ ಹೇಳಿ. ಒಂದು ತವಾದ ಮೇಲೆ ಹತ್ತು ದೋಸೆ ಬರಲು ಅರ್ಧ ತಾಸು ಬೇಕು. ದುಡ್ಡನ್ನೂ ಒಬ್ಬರೇ ಕೊಡಿ, ಆಮೇಲೆ ಹಂಚಿಕೊಳ್ಳಿ. ಗಾಡಿಗಳನ್ನು ಅಂಗಡಿ ಬಾಗಿಲಿಗೆ ಅಡ್ಡ ನಿಲ್ಲಿಸಬೇಡಿ. ಮುಗಿದ ಕೂಡಲೇ ಜಾಗ ಬಿಡಿ, ಹರಟೆಗೆ ಹೊರಗೆ ಚಾ ಅಂಗಡಿ ಇದೆ. ಸೈಲೆನ್ಸರ್ ಸದ್ದು ಮಾಡಿ ಊರು ಎಬ್ಬಿಸುವವರನ್ನು ಮುಂದಿನ ಸಲ ಕರೆಯಬೇಡಿ.

ಹೊಟ್ಟೆ ಬಿರಿಯುವಷ್ಟು ತಿನ್ನಬೇಡಿ. ಬೆಳಿಗ್ಗೆ ಬೇಗ ಎದ್ದಿದ್ದೀರಿ, ಮುಂದೆ ಬಿಸಿಲಿನ ದಾರಿ ಇದೆ, ನಿದ್ದೆ ಬರುತ್ತದೆ.

ಲಕ್ಕುಂಡಿಗೆ ಹೋಗುವುದಾದರೆ ಒಂದು ತಾಸಾದರೂ ಇಟ್ಟುಕೊಳ್ಳಿ. ಕಾಶಿವಿಶ್ವೇಶ್ವರ ಗುಡಿಯ ಬಾಗಿಲುವಾಡದ ಕೆತ್ತನೆ, ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಮೆಟ್ಟಿಲುಗಳ ಮುಸುಕಿನ ಬಾವಿ. ಇವನ್ನು ಓಡುತ್ತ ನೋಡುವುದಾದರೆ ನೋಡದಿರುವುದೇ ಒಳ್ಳೆಯದು.

9. ಗಾಡಿ ಕೆಟ್ಟರೆ, ಯಾರಾದರೂ ಬಿದ್ದರೆ

ಕೆಟ್ಟ ಗಾಡಿಯನ್ನು ಡಾಂಬರಿನಿಂದ ಪೂರ್ತಿ ಕೆಳಗಿಳಿಸಿ. ಲೀಡ್‌ಗೆ ಫೋನ್ ಮಾಡಿ. ಎಲ್ಲರೂ ಗುಂಪಾಗಿ ರಸ್ತೆ ಬದಿ ನಿಲ್ಲುವುದು ಬೇಡ. ಸ್ವೀಪ್ ಮತ್ತು ಇನ್ನೊಬ್ಬರು ಸಾಕು, ಉಳಿದವರು ಮುಂದಿನ ಊರಲ್ಲಿ ಕಾಯಲಿ.

ಯಾರಾದರೂ ಬಿದ್ದರೆ ಮೊದಲು ಹಿಂದಿನಿಂದ ಬರುವ ವಾಹನ ನಿಲ್ಲಿಸಲು ಒಬ್ಬರನ್ನು ಕಳಿಸಿ. ಬಿದ್ದವರನ್ನು ಗಡಿಬಿಡಿಯಲ್ಲಿ ಎಬ್ಬಿಸಬೇಡಿ. ಉಸಿರಾಟಕ್ಕೆ ತೊಂದರೆಯಿಲ್ಲದಿದ್ದರೆ ಹೆಲ್ಮೆಟ್ ಎಳೆದು ತೆಗೆಯಬೇಡಿ, ಕುತ್ತಿಗೆಗೆ ಪೆಟ್ಟಾಗಿರಬಹುದು. 108 ಆಂಬುಲೆನ್ಸ್, 112 ಎಲ್ಲ ತುರ್ತಿಗೆ, 1033 ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ. ಈ ಮೂರನ್ನೂ ಈಗಲೇ ಫೋನಿನಲ್ಲಿ ಹಾಕಿಕೊಳ್ಳಿ. ಫೋನ್ ಮಾಡಿದಾಗ ಹತ್ತಿರದ ಕಿಲೋಮೀಟರ್ ಕಲ್ಲಿನ ಅಂಕಿ ಹೇಳಿದರೆ ಬೇಗ ಬರುತ್ತಾರೆ. ಬೇರೆ ಯಾರೋ ಬಿದ್ದಿದ್ದು ಕಂಡರೂ ನಿಲ್ಲಿ. 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಹೆಸರು ಹೇಳಲೇಬೇಕೆಂದು ನಿಮ್ಮನ್ನು ಯಾರೂ ಒತ್ತಾಯಿಸುವಂತಿಲ್ಲ.

10. ವಾಪಸ್

ಮಾರ್ಚ್‌ನಿಂದ ಮೇ ತನಕ 11ರೊಳಗೆ ಹುಬ್ಬಳ್ಳಿ ಸೇರುವಂತೆ ಹೊರಡಿ, ಉಳಿದ ತಿಂಗಳಲ್ಲಿ 12. ವಾಪಸ್ ಬರುವಾಗ ಲೀಡ್ ಬದಲಾಗುವುದು ಬೇಡ. ದಾರಿ ಗೊತ್ತಾಯಿತು ಎಂದು ಒಬ್ಬೊಬ್ಬರೇ ಮುಂದೆ ಹಾರುವುದು ಇಲ್ಲೇ ಶುರುವಾಗುತ್ತದೆ. ಊಟಕ್ಕೆ ಮನೆಗೆ ಹೋಗಬೇಕೆಂಬ ಅವಸರ, ಊರು ಹತ್ತಿರ ಬಂತೆಂಬ ಸಲುಗೆ ಎರಡೂ ಸೇರುತ್ತವೆ. ಹೋಗುವಾಗ ಇದ್ದ ಸಾಲು, ಇದ್ದ ಅಂತರ ಹುಬ್ಬಳ್ಳಿಯ ಮೊದಲ ಸಿಗ್ನಲ್ ತನಕ ಹಾಗೇ ಇರಲಿ. ಧಾರವಾಡದವರು ಇಬ್ಬರಾದರೂ ಜೊತೆಗೆ ಹೋಗಿ. ಬೈಪಾಸ್‌ನಲ್ಲಿ ಅಗಲೀಕರಣದ ಕಾಮಗಾರಿ ಇದ್ದಲ್ಲಿ ದಾರಿ ತಿರುಗಿಸಿದ ಫಲಕಗಳನ್ನು ನೋಡಿಕೊಂಡು ನಿಧಾನವಾಗಿ ಸಾಗಿ.

ಮನೆ ಮುಟ್ಟಿದ ಕೂಡಲೇ ಗುಂಪಿಗೆ "ಮುಟ್ಟಿದೆ" ಎಂದು ಒಂದು ಪದ ಹಾಕಿ. ಎಲ್ಲರದೂ ಬಂದ ಮೇಲೆಯೇ ಸ್ವೀಪ್ ಕೆಲಸ ಮುಗಿಯುವುದು. ಚೈನ್ ಇನ್ನೂ ಬೆಚ್ಚಗಿರುವಾಗ ಲ್ಯೂಬ್ ಹಾಕಿ, ಒಳಗೆ ಚೆನ್ನಾಗಿ ಇಳಿಯುತ್ತದೆ. ಎಂಜಿನ್ ಬಂದ್ ಮಾಡಿ, ನ್ಯೂಟ್ರಲ್‌ನಲ್ಲಿ ಚಕ್ರವನ್ನು ಕೈಯಿಂದ ತಿರುಗಿಸುತ್ತಾ ಹಾಕಬೇಕು. ಎಂಜಿನ್ ಓಡುತ್ತಿರುವಾಗ ಚೈನ್ ಹತ್ತಿರ ಬೆರಳು ತರಲೇಬೇಡಿ.